ತಂತಿಗೆ ಹಿಡಿದ ಧೂಳು

ಕುಂಬಳೆ ಬಿಟ್ಟು ಪೀಳಮೇಡಿನಲ್ಲಿ ಬಿಡಾರ ಹೂಡಿದ ನನಗೆ ವರ್ಷಕ್ಕೊಮ್ಮೆ ತಪ್ಪಿಸಲಾಗದ ಪ್ರಯಾಣವೆಂದರೆ ಅಮ್ಮನ ತಿಥಿಯದು. ವಾಳಯಾರು ದಾಟಿ, ಪಾಲಕ್ಕಾಡು, ಕಲ್ಲಿಕೋಟೆಯ ದಾರಿಯಾಗಿ ಹೋಗಬೇಕು. ಈ ಸಲ ಎರಡು ದಿನವಿರುವಾಗ ಕಾರು ಹಟ ಹಿಡಿಯಿತು. ಸಿಗ್ನಲಿನಲ್ಲಿ ನಿಂತರೆ ಎಂಜಿನು ನಡುಗಿ ಆರಿಹೋಗುವುದು. ಆಕ್ಸಿಲರೇಟರ್ ಒತ್ತಿದರೆ ಮುಗ್ಗರಿಸುವುದು. ರೈಲಿನಲ್ಲಿ ಸೀಟಿರಲಿಲ್ಲ. ಪಿಂಡ ಇಡಬೇಕಾದವನು ನಾನೊಬ್ಬನೇ.

ಒಂದು ವರ್ಕ್‌ಶಾಪಿನವರು ಯಂತ್ರ ಜೋಡಿಸಿ ನೋಡಿ, ಗಾಳಿಯ ಸೆನ್ಸರ್ ಹೋಗಿದೆ, ಹೊಸದು ಬರಲು ನಾಲ್ಕು ದಿನ ಎಂದರು.

1920ರಲ್ಲಿ ಜಿ.ಡಿ. ನಾಯ್ಡು ಒಂದೇ ಬಸ್ಸಿನಿಂದ ಪೊಳ್ಳಾಚಿ–ಪಳನಿ ಓಡಾಟ ಆರಂಭಿಸಿದ ಸೀಮೆಯಿದು. ಇಲ್ಲಿ ಯಂತ್ರ ಬಲ್ಲವರಿಗೆ ಬರವಿಲ್ಲ. ನೆರೆಯವರು ಒಬ್ಬ ಹಿರಿಯ ಮೆಕ್ಯಾನಿಕರನ್ನು ತೋರಿಸಿದರು. ದೇವಾಂಗರು, ಮನೆಮಾತು ಕನ್ನಡ, ಓದುಬರಹ ತಮಿಳು.

ಅವರು ಸಮಾಧಾನದಿಂದ ವಿವರಿಸಿದರು. ಸೆನ್ಸರಿನೊಳಗೆ ಕೂದಲೆಳೆಯಂಥ ಬಿಸಿ ತಂತಿಯಿದೆ. ಒಳಹೋಗುವ ಗಾಳಿ ಅದನ್ನು ತಣಿಸುತ್ತದೆ. ಮತ್ತೆ ಬಿಸಿಯಾಗಿಡಲು ಬೇಕಾದ ವಿದ್ಯುತ್ತಿನಿಂದ ಗಾಳಿಯ ತೂಕ ತಿಳಿಯುತ್ತದೆ. ಅದಕ್ಕೆ ತಕ್ಕ ಪೆಟ್ರೋಲು ಹೋಗುತ್ತದೆ. ದೋಷದ ಸಂಖ್ಯೆ ಬಂದರೆ ಸೆನ್ಸರ್ ಸತ್ತಿತೆಂದಲ್ಲ, ಲೆಕ್ಕ ಹೊಂದುತ್ತಿಲ್ಲ ಎಂದಷ್ಟೇ.

ಮೊದಲು ಸೆನ್ಸರಿನಿಂದಾಚೆಗಿನ ರಬ್ಬರು ಕೊಳವೆ ಬಿರುಕು ಬಿಟ್ಟಿದೆಯೇ ಎಂದು ನೋಡಿದರು. ಅಲ್ಲಿ ಗಾಳಿ ನುಸುಳಿದರೂ ಇದೇ ಕಾಯಿಲೆ. ಕೊಳವೆ ಸರಿಯಿತ್ತು. ಸೆನ್ಸರಿನ ವಯರು ಕಳಚಿದರು. ಎಂಜಿನು ಹಿಂದಿಗಿಂತ ನಿರಾಳವಾಗಿ ಓಡಿತು. ತಪ್ಪು ಲೆಕ್ಕ ನಿಂತಾಗ ಕಂಪ್ಯೂಟರು ತನ್ನ ಅಂದಾಜಿನಿಂದ ನಡೆಸುತ್ತದಂತೆ. ಏರ್ ಫಿಲ್ಟರ್ ಸರಿಯಾಗಿ ಕೂತಿರಲಿಲ್ಲ. ಟಾರ್ಚಿನ ಬೆಳಕಿನಲ್ಲಿ ತಂತಿಯ ಮೇಲೆ ಧೂಳೂ ಹತ್ತಿಯ ನವಿರೂ ಕಂಡವು.

ಬೆರಳು ತಾಗಿಸದೆ, ಅದಕ್ಕೆಂದೇ ಇರುವ ದ್ರಾವಣ ಸಿಂಪಡಿಸಿ ಒಣಗಲು ಇಟ್ಟರು. ಆ ಅರ್ಧ ಗಂಟೆಯಲ್ಲಿ ಹಿಂದಿನ ಸೀಟಿನಲ್ಲಿದ್ದ ನಮ್ಮ ವಾರ್ಷಿಕ ಸಂಚಿಕೆ ಅವರ ಕಣ್ಣಿಗೆ ಬಿತ್ತು.

“ಇದು ನಮ್ಮ ಕನ್ನಡವಾ ಸಾರ್? ಪಾಪಾ, ಒಸಿ ಓದಮ್ಮಾ” ಎಂದು ನನ್ನ ಮಗಳ ಕೈಗೆ ಕೊಟ್ಟರು.

ಐದನೆಯ ತರಗತಿಯ ಮಗಳು ಪುಟ ತಿರುವಿ, ಚಿತ್ರ ನೋಡಿ, ತಲೆ ತಗ್ಗಿಸಿದಳು. ಅವರು ಏನೂ ಹೇಳದೆ ಸಂಚಿಕೆಯನ್ನು ಮೆತ್ತಗೆ ಮಡಚಿದರು. ಸ್ವಲ್ಪ ಹೊತ್ತಿನ ಮೇಲೆ, “ನಮ್ಮದೂ ಹಿಂಗೇ ಹೋಯ್ತು ಸಾರ್” ಎಂದರು.

ಹೊಸ ಫಿಲ್ಟರ್ ಹಾಕಿ, ದೋಷದ ಸಂಖ್ಯೆ ಅಳಿಸಿ, ಎಂಜಿನು ಚಾಲೂ ಮಾಡಿದರು. ನಡುಕವಿರಲಿಲ್ಲ. ತಿಥಿಗೆ ಸಕಾಲಕ್ಕೆ ಮುಟ್ಟಿದೆವು.

ಮರಳುವಾಗ ಕುಂಬಳೆಯ ಅಂಗಡಿಯಿಂದ ಒಂದು ಕನ್ನಡ ವರ್ಣಮಾಲೆಯ ಪುಸ್ತಕ ಕೊಂಡೆ. ಈಗ ಸಂಜೆ ದೀಪ ಹಚ್ಚಿದ ಮೇಲೆ ನಾನೂ ಮಗಳೂ ಕೂಡುತ್ತೇವೆ. ಒತ್ತಕ್ಷರದವರೆಗೆ ಬಂದಿದ್ದೇವೆ. ಮುಂದಿನ ಸರ್ವೀಸಿಗೆ ಅವಳನ್ನೂ ಕರೆದುಕೊಂಡು ಹೋಗಬೇಕು.