ಕಸದ ಗುಡ್ಡೆಯ ಮೇಲೊಂದು ಸಸಿ

ಸಾಯನ್ ಕಡೆಯಿಂದ ಬಾಂದ್ರಾಕ್ಕೆ ಹೋಗುವ ಲಿಂಕ್ ರೋಡಿನಲ್ಲಿ ಧಾರಾವಿ ಬಸ್ ಡಿಪೋ ಎದುರಿಗೆ ಇದ್ದಕ್ಕಿದ್ದಂತೆ ಹಸಿರು ಶುರುವಾಗುತ್ತದೆ. ರಸ್ತೆಯ ಒಂದು ಕಡೆ ಮನೆಯ ಮೇಲೆ ಮನೆ, ಅದರೊಳಗೇ ಕಾರ್ಖಾನೆ, ತೊಗಲಿನ ಅಂಗಡಿ, ಕುಂಬಾರರ ಒಲೆಯ ಹೊಗೆ. ಇನ್ನೊಂದು ಕಡೆ ಮೂವತ್ತೇಳು ಎಕರೆ ಕಾಡು, ಅದರಾಚೆ ಮಿಠಿ ನದಿ ಮತ್ತು ಕಾಂಡ್ಲಾ ಗಿಡಗಳು. ಹೆಸರು ಮಹಾರಾಷ್ಟ್ರ ನೇಚರ್ ಪಾರ್ಕ್. ಮೊದಲು ಇದು ಊರಿನ ಕಸ ತಂದು ಸುರಿಯುವ ಜಾಗವಾಗಿತ್ತು. ಕಸ ಸುರಿಯುವುದು ನಿಂತದ್ದು ಎಪ್ಪತ್ತರ ದಶಕದಲ್ಲಿ. 1983ರಲ್ಲಿ ಆ ಗುಡ್ಡೆಯ ಮೇಲೆ ಸಸಿ ನೆಡಲು ಒಬ್ಬ ಮುದುಕರನ್ನು ಕರೆದರು. ಸಣಕಲು ದೇಹ, ಬಿಳಿ ಕುರುಚಲು ಗಡ್ಡ, ವಯಸ್ಸು ಎಂಬತ್ತಾರು. ಸಲೀಂ ಅಲಿ.

ಹಕ್ಕಿಗಳ ಮನುಷ್ಯ ಎಂದು ದೇಶಕ್ಕೆಲ್ಲ ಗೊತ್ತಿದ್ದವರು. ಪ್ರಾಣಿಪ್ರಿಯ ಎಂಬ ಮಾತು ಅವರಿಗೆ ಒಪ್ಪುತ್ತದೆಯೇ ಎನ್ನುವುದು ಮಾತ್ರ ಅಷ್ಟು ಸಲೀಸಾದ ಪ್ರಶ್ನೆಯಲ್ಲ. ಈಗ ಆ ಮಾತು ಕೇಳಿದರೆ ಬೀದಿನಾಯಿಗೆ ಅನ್ನ ಹಾಕುವವರು, ಗಾಳಿಪಟದ ದಾರಕ್ಕೆ ಸಿಕ್ಕ ಪಾರಿವಾಳಕ್ಕೆ ಔಷಧ ಹಚ್ಚುವವರು ಕಣ್ಣಮುಂದೆ ಬರುತ್ತಾರೆ. ಸಲೀಂ ಅಲಿಯವರ ಕೈಯಲ್ಲಿದ್ದದ್ದು ಕೋವಿ.

ಅವರು ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬಯಿಯಲ್ಲಿ. ವರ್ಷ ತುಂಬುವಷ್ಟರಲ್ಲಿ ತಂದೆ ಹೋದರು, ಮೂರು ತುಂಬುವಷ್ಟರಲ್ಲಿ ತಾಯಿ. ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಮತ್ತು ಮಕ್ಕಳಿಲ್ಲದ ಹಮೀದಾ ಬೇಗಂ ಎಲ್ಲ ಮಕ್ಕಳನ್ನೂ ಖೇತವಾಡಿಯ ಮನೆಗೆ ಕರೆದುಕೊಂಡು ಬೆಳೆಸಿದರು. ಮಾವ ಶಿಕಾರಿಯ ಹುಚ್ಚಿನವರು. ಹುಡುಗನ ಕೈಗೂ ಒಂದು ಏರ್‌ಗನ್ ಬಂತು. ಹತ್ತು ವರ್ಷದ ಆಸುಪಾಸಿನಲ್ಲಿ ಅವನು ಹೊಡೆದ ಒಂದು ಗುಬ್ಬಿಯ ಕತ್ತಿನ ಮೇಲೆ ಹಳದಿ ಮಚ್ಚೆಯಿತ್ತು. ಇದು ತಿನ್ನಬಹುದಾದ ಹಕ್ಕಿಯೋ ಅಲ್ಲವೋ ಎಂಬ ಅನುಮಾನ ಅವನದು. ಮಾವನಿಗೂ ಗೊತ್ತಾಗಲಿಲ್ಲ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಮಿಲ್ಲಾರ್ಡ್ ಎಂಬ ಇಂಗ್ಲಿಷ್ ದೊರೆಯ ಹತ್ತಿರ ಕಳಿಸಿದರು. ಆ ದೊರೆ ಗದರಲಿಲ್ಲ, ನಗಲೂ ಇಲ್ಲ. ಹಕ್ಕಿಯ ಹೆಸರು ಹೇಳಿ, ಒಳಗೆ ಕರೆದೊಯ್ದು, ಡ್ರಾಯರು ಡ್ರಾಯರು ಎಳೆದು ಹದಮಾಡಿಟ್ಟ ಹಕ್ಕಿಗಳನ್ನು ತೋರಿಸಿದ. ಎಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲದ ನಂತರ, 1985ರಲ್ಲಿ ಬಂದ ಆತ್ಮಕಥೆಯ ಹೆಸರಿನಲ್ಲೂ ಆ ಗುಬ್ಬಿಯೇ ಇದೆ: ದಿ ಫಾಲ್ ಆಫ್ ಎ ಸ್ಪ್ಯಾರೋ.

ಗುಬ್ಬಿಯದೇ ಇನ್ನೊಂದು ಸಂಗತಿ ಇದೆ, ಸ್ವಲ್ಪ ಕಸಿವಿಸಿ ಮಾಡುವಂಥದ್ದು. ಹುಡುಗ ಲಾಯದ ಮರೆಯಲ್ಲಿ ಅವಿತು, ಗೂಡಿನ ಬಾಯಲ್ಲಿ ಕೂತ ಗಂಡು ಗುಬ್ಬಿಯನ್ನು ಹೊಡೆದ. ಹೆಣ್ಣು ಒಳಗೆ ಮೊಟ್ಟೆಯ ಮೇಲಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು ಗಂಡು ಬಂದು ಅದೇ ಜಾಗದಲ್ಲಿ ಕೂತಿತು. ಅದನ್ನೂ ಹೊಡೆದ. ಒಂದು ವಾರದಲ್ಲಿ ಎಂಟು. ಇದನ್ನೆಲ್ಲ ಅವನು ಬರೆದಿಟ್ಟುಕೊಂಡ. ದಶಕಗಳ ನಂತರ ಪಕ್ಷಿವೀಕ್ಷಕರ ಪತ್ರಿಕೆಯೊಂದರಲ್ಲಿ ಆ ಟಿಪ್ಪಣಿ ಅಚ್ಚಾಯಿತು. ಅವರು ಅದನ್ನು ಬಚ್ಚಿಡಲಿಲ್ಲ, ಪಶ್ಚಾತ್ತಾಪದ ಒಗ್ಗರಣೆಯನ್ನೂ ಹಾಕಲಿಲ್ಲ. ಗಂಡು ಸತ್ತರೆ ಹೆಣ್ಣಿಗೆ ಇನ್ನೊಂದು ಗಂಡು ಇಷ್ಟು ಬೇಗ ಎಲ್ಲಿಂದ ಬಂತು ಎಂಬ ಪ್ರಶ್ನೆ ಆ ವಯಸ್ಸಿನಲ್ಲೇ ಅವನ ತಲೆ ಹೊಕ್ಕಿತ್ತು. ಬಂದೂಕು ಹಿಡಿದ ಲಕ್ಷ ಹುಡುಗರಲ್ಲಿ ಎಷ್ಟು ಜನ ಲೆಕ್ಕ ಬರೆದರು? ಕನ್ನಡದ ಓದುಗರಿಗೆ ಇಲ್ಲಿ ತೇಜಸ್ವಿ ನೆನಪಾಗದೆ ಇರರು. ಮೂಡಿಗೆರೆಯ ಕಾಡಿನಲ್ಲಿ ಕೋವಿ, ಕಿವಿ ಎಂಬ ನಾಯಿ, ಆಮೇಲೆ ಕ್ಯಾಮೆರಾ.

ಓದು ಅರ್ಧಕ್ಕೆ ಬಿಟ್ಟು 1914ರಲ್ಲಿ ಬರ್ಮಾದ ತವಾಯ್‌ಗೆ ಹೋದರು. ಅಲ್ಲಿ ಮನೆಯವರ ವುಲ್ಫ್ರಾಂ ಅದಿರಿನ ಗಣಿಯಿತ್ತು, ಮರದ ವ್ಯಾಪಾರವಿತ್ತು. ವ್ಯಾಪಾರ ಕೈಹತ್ತಲಿಲ್ಲ. ಹತ್ತಿದ್ದು ಕಾಡು ಮತ್ತು ಮೋಟಾರ್ ಸೈಕಲ್ಲು. ಮೊದಲನೆಯದು ಎನ್‌ಎಸ್‌ಯು, ಆಮೇಲೆ ಹಾರ್ಲೆ ಡೇವಿಡ್‌ಸನ್, ಡಗ್ಲಸ್, ಸ್ಕಾಟ್, ಸನ್‌ಬೀಮ್. ಒಂದೂ ಬಿಎಂಡಬ್ಲ್ಯೂ ಇಟ್ಟುಕೊಳ್ಳಲಾಗಲಿಲ್ಲ ಎಂಬ ಕೊರಗು ಕಡೆತನಕ ಇತ್ತು. 1950ರಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ಪಕ್ಷಿವಿಜ್ಞಾನಿಗಳ ಅಂತರರಾಷ್ಟ್ರೀಯ ಸಮ್ಮೇಳನ. ಐವತ್ಮೂರರ ಸಲೀಂ ಅಲಿ ಸನ್‌ಬೀಮನ್ನು ಹಡಗಿಗೆ ಹಾಕಿಸಿ, ಯುರೋಪಿನಲ್ಲಿ ಇಳಿಸಿಕೊಂಡು ಓಡಿಸಿದರು. ಫ್ರಾನ್ಸಿನಲ್ಲೊಂದು ಅಪಘಾತ, ಜರ್ಮನಿಯ ಕಲ್ಲು ಹಾಸಿದ ರಸ್ತೆಗಳಲ್ಲಿ ಜಾರಿ ಬಿದ್ದದ್ದು ಹಲವು ಸಲ. ಉಪ್ಸಾಲಾ ತಲುಪುವಷ್ಟರಲ್ಲಿ ಈ ಮನುಷ್ಯ ಭಾರತದಿಂದಲೇ ಬೈಕು ಓಡಿಸಿಕೊಂಡು ಬಂದಿದ್ದಾನೆ ಎಂಬ ಗುಲ್ಲು ಎದ್ದಿತ್ತು.

ಇಷ್ಟೆಲ್ಲ ಓದಿದರೆ ಹಣವಂತರ ಮನೆಯ ಹವ್ಯಾಸಿ ಅನಿಸಬಹುದು. ಹಾಗಿರಲಿಲ್ಲ. ಮುಂಬಯಿಯ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಮ್ಮಿನಲ್ಲಿ ತಿಂಗಳಿಗೆ 350 ರೂಪಾಯಿಯ ಗೈಡ್ ಕೆಲಸವಿತ್ತು. ರಜೆ ಹಾಕಿ ಬರ್ಲಿನ್ನಿಗೆ ಹೋಗಿ ಎರ್ವಿನ್ ಸ್ಟ್ರೆಸ್‌ಮನ್ ಹತ್ತಿರ ಕಲಿತು 1930ರಲ್ಲಿ ವಾಪಸು ಬಂದರೆ ಆ ಹುದ್ದೆಯೇ ಇಲ್ಲ. ಡಾಕ್ಟರೇಟ್ ಇಲ್ಲದವರಿಗೆ ಬೇರೆ ಯಾರೂ ಕರೆದು ಕೆಲಸ ಕೊಡುವಂತಿರಲಿಲ್ಲ. ಹೆಂಡತಿ ತೆಹಮಿನಾ ಜೊತೆ ಸಮುದ್ರದಾಚೆಯ ಕಿಹೀಮ್ ಹಳ್ಳಿಗೆ ಹೋಗಿ ಉಳಿದರು. ಮನೆಯ ಹತ್ತಿರದಲ್ಲೇ ಗೀಜಗಗಳು ಗೂಡು ಕಟ್ಟುತ್ತಿದ್ದವು. ಏಣಿಯ ಮೇಲೆ ಮರೆ ಮಾಡಿಕೊಂಡು ದಿನಗಟ್ಟಲೆ ಕೂತು ನೋಡಿದರು. ಗಂಡು ಗೀಜಗ ಗೂಡನ್ನು ಅರ್ಧ ಕಟ್ಟಿ ನಿಲ್ಲಿಸುತ್ತದೆ. ಹೆಣ್ಣು ಬಂದು ಒಳಹೊಕ್ಕು, ಎಳೆದು, ಜಗ್ಗಿ ಪರೀಕ್ಷೆ ಮಾಡುತ್ತದೆ. ಒಪ್ಪಿದರೆ ಮಾತ್ರ ಗೂಡು ಪೂರ್ತಿಯಾಗುತ್ತದೆ. ಅವಳು ಮೊಟ್ಟೆಯಿಟ್ಟು ಕೂತಳೋ, ಗಂಡು ಪಕ್ಕದಲ್ಲೇ ಇನ್ನೊಂದು ಗೂಡಿಗೆ ನಾರು ತರಲು ಹೊರಡುತ್ತದೆ. ಗೀಜಗನ ಗೂಡನ್ನು ಹೊಗಳದ ಹಳ್ಳಿ ನಮ್ಮಲ್ಲಿಲ್ಲ. ಆ ಗೂಡಿನೊಳಗಿನ ಸಂಸಾರದ ಲೆಕ್ಕ ಹೊರಗೆ ಬಂದದ್ದು ಒಬ್ಬ ಕೆಲಸ ಕಳೆದುಕೊಂಡವನಿಗೆ ಬೇಕಾದಷ್ಟು ಹೊತ್ತು ಇದ್ದದ್ದರಿಂದ.

ಆಮೇಲೆ ಅವರು ಸಂಸ್ಥಾನಗಳ ಮುಂದೆ ಒಂದು ವಿಚಿತ್ರ ಪ್ರಸ್ತಾಪ ಇಟ್ಟರು. ನಿಮ್ಮ ಸೀಮೆಯ ಹಕ್ಕಿಗಳ ಸಮೀಕ್ಷೆ ಮಾಡಿಕೊಡುತ್ತೇನೆ, ಸಂಬಳ ಬೇಡ, ಬಿಡಾರದ ಖರ್ಚು ಕೊಟ್ಟರೆ ಸಾಕು. ಹೈದರಾಬಾದು, ತಿರುವಾಂಕೂರು, ಕೊಚ್ಚಿ ಹೀಗೆಯೇ ಆದವು. ತೆಹಮಿನಾ ಡೇರೆಯಲ್ಲಿ ಜೊತೆಗಿರುತ್ತಿದ್ದರು. 1939ರಲ್ಲಿ ಒಂದು ಸಣ್ಣ ಶಸ್ತ್ರಚಿಕಿತ್ಸೆಯ ನಂತರ ರಕ್ತಕ್ಕೆ ನಂಜೇರಿ ಅವರು ತೀರಿಕೊಂಡರು. ಸಲೀಂ ಅಲಿ ಮತ್ತೆ ಮದುವೆಯಾಗಲಿಲ್ಲ. ಬಾಂದ್ರಾದ ಪಾಲಿ ಹಿಲ್‌ನಲ್ಲಿ ಅಕ್ಕ ಕಾಮೂ ಮತ್ತು ಭಾವನ ಮನೆಯೇ ಅವರ ಮನೆಯಾಯಿತು.

ಮೈಸೂರು ಸಂಸ್ಥಾನದ ಸಮೀಕ್ಷೆ 1939-40ರದು. ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯ ನಡುಗಡ್ಡೆಗಳಲ್ಲಿ ಕೊಕ್ಕರೆ, ಚಮಚದ ಕೊಕ್ಕು, ಬಿಳಿ ಕೆಂಬರಲು, ನೀರುಕಾಗೆಗಳು ಗೂಡು ಕಟ್ಟುವುದನ್ನು ಕಂಡು, ಈ ಜಾಗಕ್ಕೆ ರಕ್ಷಣೆ ಬೇಕು ಎಂದು ಅರಸರ ಆಡಳಿತಕ್ಕೆ ಒತ್ತಾಯ ಮಾಡಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. 2022ರಲ್ಲಿ ಅದಕ್ಕೆ ರಾಮ್‌ಸರ್ ತಾಣದ ಮನ್ನಣೆಯೂ ಬಂತು. ದೋಣಿಯಲ್ಲಿ ಕೂತು ಮೊಸಳೆಗೆ ಬೆರಳು ತೋರಿಸುವವರಿಗೆ ಇದು ಅನಾದಿಯಿಂದ ಇದ್ದ ಪ್ರಕೃತಿ ಎನಿಸುತ್ತದೆ. ಅಲ್ಲ. 17ನೇ ಶತಮಾನದಲ್ಲಿ ಗದ್ದೆಗೆ ನೀರು ಹಾಯಿಸಲು ಕಟ್ಟಿದ ಒಡ್ಡಿನಿಂದ ಉಳಿದ ದಿಬ್ಬಗಳು ಅವು. ಅರಸ ಕಟ್ಟಿದ್ದು ಭತ್ತಕ್ಕೆ, ಬಂದು ಕೂತದ್ದು ಕೊಕ್ಕರೆ. ಕನ್ಯೆಯಂಥ ಕಾಡೇ ಬೇಕು ಎಂಬ ಮಡಿ ಸಲೀಂ ಅಲಿಯವರಿಗೆ ಇರಲಿಲ್ಲ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಧಾರಾವಿಯ ಪಕ್ಕದ ಕಸದ ಗುಡ್ಡೆಗೂ ಅವರು ಬಂದರು.

ಕನ್ನಡ ನಾಡಿನ ಜೊತೆ ಇನ್ನೊಂದು ನಂಟು ಕಾಯಿಲೆಯದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಜನರಿಗೂ ಜ್ವರ ಬಂತು. ವೈರಸ್ಸು ರಷ್ಯಾದ ಕಡೆಯ ಒಂದು ರೋಗದ ವೈರಸ್ಸಿಗೆ ಹತ್ತಿರದ್ದು. ಹಾಗಾದರೆ ಉಣ್ಣೆಗಳನ್ನು ಹೊತ್ತು ತಂದದ್ದು ವಲಸೆ ಹಕ್ಕಿಗಳೇ? ಆ ಗುಮಾನಿಯ ಬೆನ್ನು ಹತ್ತಿ ವಿಶ್ವ ಆರೋಗ್ಯ ಸಂಸ್ಥೆ ನೆರವು ಕೊಟ್ಟಿತು, ಸಲೀಂ ಅಲಿ ಮತ್ತು ಸೊಸೈಟಿಯವರು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಲು ಶುರುಮಾಡಿದರು. ಗುಮಾನಿ ಸಾಬೀತಾಗಲಿಲ್ಲ. ಹಕ್ಕಿಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಎಂಬುದು ಮಾತ್ರ ದೇಶಕ್ಕೆ ಗೊತ್ತಾಗತೊಡಗಿತು. ಮಂಗನ ಕಾಯಿಲೆ ಮಲೆನಾಡಿನಲ್ಲಿ ಇನ್ನೂ ಇದೆ.

ಕೊಡುವ ಕೈ ಎಂದರೆ ಧಾರಾಳವಾಗಿ ಖರ್ಚು ಮಾಡುವ ಕೈ ಅಂದುಕೊಂಡರೆ ಅವರು ಆ ಗುಂಪಿಗೆ ಸೇರುವವರಲ್ಲ. ಒಂದು ಹಾಳೆ ಪೋಲಾದರೂ ಸಹಿಸದವರು, ಡೇರೆಯಲ್ಲಿ ಪಕ್ಕದವರು ಗೊರಕೆ ಹೊಡೆದರೆ ಸಿಟ್ಟಾಗುವವರು. ಆದರೆ ಜೆ. ಪಾಲ್ ಗೆಟ್ಟಿ ಪ್ರಶಸ್ತಿ ಬಂದಾಗ ಆ ದೊಡ್ಡ ಮೊತ್ತವನ್ನು ಪ್ರಕೃತಿ ಸಂರಕ್ಷಣೆಯ ನಿಧಿಯೊಂದಕ್ಕೆ ಮೂಲಧನವಾಗಿ ಇಟ್ಟರು. ಸೊಸೈಟಿಯ ಗಲ್ಲಾ ಬರಿದಾದಾಗ ನೆಹರೂಗೆ ಕಾಗದ ಬರೆದು ಸರ್ಕಾರದ ನೆರವು ತಂದರು. 1937ರ ಅಫ್ಘಾನಿಸ್ತಾನ ಯಾತ್ರೆಯಲ್ಲಿ ಜೊತೆಗಿದ್ದ ಮೈನರ್ಟ್ಸ್‌ಹಾಗನ್ ತನ್ನ ದಿನಚರಿಯಲ್ಲಿ ಅವರನ್ನು ಕೀಳಾಗಿ ಬರೆದಿದ್ದ. ಸಲೀಂ ಅಲಿ ಆ ಸಾಲುಗಳನ್ನು ತಮ್ಮ ಆತ್ಮಕಥೆಯಲ್ಲಿ ತಾವೇ ಅಚ್ಚು ಹಾಕಿಸಿದರು. ಇದೂ ಒಂದು ಬಗೆಯ ಔದಾರ್ಯವೇ, ದುಡ್ಡು ಕೊಡುವುದಕ್ಕಿಂತ ಕಷ್ಟದ್ದು.

ಪಾಲಿ ಹಿಲ್‌ನಿಂದ ಧಾರಾವಿ ಬಹಳ ದೂರವಲ್ಲ, ನಡುವೆ ಮಾಹೀಮ್ ಖಾರಿ. ಆ ನೀರಿನ ಆಚೆ ಈಚೆ ಇರುವುದು ಎರಡು ಊರುಗಳು ಎಂದರೂ ತಪ್ಪಿಲ್ಲ. ಧಾರಾವಿಯಲ್ಲಿ ತಮಿಳರು, ಗುಜರಾತಿ ಕುಂಬಾರರು, ಉತ್ತರ ಕರ್ನಾಟಕದಿಂದ ದುಡಿಮೆಗೆ ಬಂದವರು ಇದ್ದಾರೆ. ಒಂದು ಕೋಣೆಯಲ್ಲಿ ಐದಾರು ಜನ ಮಲಗುವ ಕಡೆ ಮೂವತ್ತೇಳು ಎಕರೆ ಖಾಲಿ ನೆಲವನ್ನು ಮರಕ್ಕೂ ಹಕ್ಕಿಗೂ ಬಿಡುವುದು ನ್ಯಾಯವೇ ಎಂದು ಕೇಳುವವರಿದ್ದರು, ಇದ್ದಾರೆ. ಸುಮ್ಮನೆ ತಳ್ಳಿಹಾಕುವ ಪ್ರಶ್ನೆಯಲ್ಲ ಅದು. ಆದರೆ ಕಿಟಕಿಯೇ ಇಲ್ಲದ ಮನೆಯಿಂದ ರಸ್ತೆ ದಾಟಿದರೆ ನೆರಳು ಸಿಗುವ ಜಾಗವೂ ಇದೊಂದೇ. ಧಾರಾವಿಯ ಪುನರಭಿವೃದ್ಧಿ ಯೋಜನೆ ಇದನ್ನೂ ನುಂಗುತ್ತದೆಯೇ ಎಂಬ ಆತಂಕ ಬಾಂಬೆ ಹೈಕೋರ್ಟಿನವರೆಗೂ ಹೋಯಿತು. ಉದ್ಯಾನ ಯೋಜನೆಯ ಹೊರಗಿದೆ ಎಂದು ಯೋಜನೆಯವರು ಹೇಳಿದರು.

ಸಸಿ ನೆಟ್ಟಾಗ ಆ ನೆಲದಲ್ಲಿ ಮಣ್ಣಿಗಿಂತ ಕಸವೇ ಹೆಚ್ಚು. ಮೇಲೆ ಮಣ್ಣು ಹರಡಿ, ಒಂದೊಂದೇ ಗಿಡ ಹಿಡಿಸಿ, ಉದ್ಯಾನವನ್ನು ಜನರಿಗೆ ತೆರೆದದ್ದು 1994ರ ಏಪ್ರಿಲ್ 22ರಂದು. 1987ರ ಜೂನ್ 20ಕ್ಕೆ ಸಲೀಂ ಅಲಿ ತೀರಿಕೊಂಡು ಆಗಲೇ ಏಳು ಮಳೆಗಾಲ ಕಳೆದಿದ್ದವು.