ನಡುವಿನ ಗೋಡೆ

ನರಗುಂದದ ನಮ್ಮ ಓಣಿಯಲ್ಲಿ ಒಂದು ಮನೆ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಹತ್ತು ಹನ್ನೆರಡು ಮನೆಗಳು ಒಂದಕ್ಕೊಂದು ಆತುಕೊಂಡು ಸಾಲಾಗಿ ನಿಂತಿವೆ. ಎರಡು ಮನೆಗಳ ನಡುವೆ ಒಂದೇ ಗೋಡೆ. ನಾವು ಹುಡುಗರಿದ್ದಾಗ ಈ ತುದಿಯಲ್ಲಿ ಮಾಳಿಗೆ ಹತ್ತಿದರೆ ಆ ತುದಿಯಲ್ಲಿ ಇಳಿಯುತ್ತಿದ್ದೆವು. ಕೆಳಗಿನಿಂದ ಯಾವುದಾದರೂ ಅಜ್ಜಿ, "ಯಾರಲೇ ಅದು? ಮಣ್ಣ ಉದುರಾಕತ್ತೈತಿ!" ಎಂದು ಕೂಗಿದಾಗಲೇ ಯಾರ ಮನೆಯ ಮೇಲಿದ್ದೇವೆ ಎಂದು ನಮಗೆ ತಿಳಿಯುತ್ತಿದ್ದುದು.

ಕಳೆದ ದೀಪಾವಳಿ ರಜೆಯಲ್ಲಿ ಆರನೇ ತರಗತಿಯ ಮೊಮ್ಮಗಳನ್ನು ಹುಬ್ಬಳ್ಳಿಯಿಂದ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಬೀಗ ತೆಗೆದು ಒಳಗೆ ಕಾಲಿಟ್ಟ ಕೂಡಲೇ ಅವಳು ಕೇಳಿದಳು: "ಅಜ್ಜಾ, ಈ ಮನೀಗೆ ಕಿಟಕಿನ ಇಲ್ಲಲ್ಲ?"

ಎರಡೂ ಬದಿಗೆ ಬೇರೆಯವರ ಮನೆ. ಕಿಟಕಿ ಇಡುವುದೆಲ್ಲಿ? ಅದಕ್ಕೇ ಹಿರಿಯರು ಬೆಳಕನ್ನು ಮೇಲಿನಿಂದ ಇಳಿಸಿಕೊಂಡರು. ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಅದರಿಂದ ಬೀಳುವ ಬಿಸಿಲಿನ ತುಂಡು ಪಡಸಾಲೆಯ ನೆಲದ ಮೇಲೆ ಸರಿಯುವುದನ್ನು ನೋಡಿಯೇ ನನ್ನವ್ವ ಹೊತ್ತು ಹೇಳುತ್ತಿದ್ದಳು. ಗೋಡೆ ಎರಡೂವರೆ ಅಡಿ ದಪ್ಪ. ಕಲ್ಲು ಮತ್ತು ಕೆಸರು ಸೇರಿಸಿ ಕಟ್ಟಿದ್ದು, ಮೇಲೆ ಮಣ್ಣಿನ ಗಿಲಾವು. ಏಪ್ರಿಲ್ ಬಿಸಿಲಿನಲ್ಲೂ ಒಳಗೆ ತಂಪು.

ಮಾಳಿಗೆಯೂ ಮಣ್ಣಿನದೇ. ಮೊದಲು ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ ಚಕ್ಕೆ, ಬೇವಿನ ಸೊಪ್ಪು, ಆಮೇಲೆ ಒಂದಡಿಗೂ ಹೆಚ್ಚು ಮಣ್ಣು. ಕೊನೆಗೆ ಸವಳು ಮಣ್ಣು. ಬೆಳೆ ಬಾರದ, ಉಪ್ಪಿನಂಶದ ಮಣ್ಣು ಅದು. ಮೊದಲ ಹನಿ ಬಿದ್ದಾಗ ಅದರ ನುಣ್ಣನೆಯ ಕಣಗಳು ಬಿಡಿಬಿಡಿಯಾಗಿ ಸಂದುಗಳಲ್ಲೆಲ್ಲ ತುಂಬಿಕೊಳ್ಳುತ್ತವೆ. ಮುಂದಿನ ಮಳೆಗೆ ಕೆಳಗಿಳಿಯಲು ದಾರಿಯಿಲ್ಲ. ನೀರು ದೋಣಿಯತ್ತ ಹರಿದು ಓಣಿಗೆ ಬೀಳುತ್ತದೆ. ಹೊಲಕ್ಕೆ ಬೇಡವಾದ ಮಣ್ಣು ಮನೆಗೆ ಕೊಡೆಯಾಗುತ್ತದೆ. ಆದರೆ ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಹೊಸ ಸವಳು ಹಾಕಬೇಕು. ಹುಲ್ಲು ಬೆಳೆಯಗೊಡಬಾರದು.

ನಾನು ಆ ಕೆಲಸ ಬಿಟ್ಟು ಎಷ್ಟೋ ವರ್ಷವಾಗಿತ್ತು.

ಬಾಗಿಲ ಸಪ್ಪಳ ಕೇಳಿ ಬಾಜೂ ಮನೆಯ ಚಿಗವ್ವ ಬಂದಳು. ಎಂಬತ್ತು ದಾಟಿದ ಜೀವ, ಒಬ್ಬಳೇ ಇರುತ್ತಾಳೆ. ನನ್ನನ್ನು ಎತ್ತಿ ಆಡಿಸಿದವಳು. ಮೊಮ್ಮಗಳ ಕೈ ಹಿಡಿದು ತನ್ನ ಮನೆಗೆ ಕರೆದುಕೊಂಡು ಹೋಗಿ, ನಡುವಿನ ಗೋಡೆಯ ಮೇಲೆ ಅವಳ ಅಂಗೈ ಇರಿಸಿದಳು.

"ಥಂಡಿ ಐತಿ. ಹಸಿ ಐತಿ ಅಜ್ಜಾ," ಎಂದಳು ಹುಡುಗಿ.

ನಾನೂ ಮುಟ್ಟಿದೆ. ಗೋಡೆ ಹೊಟ್ಟೆ ಬಿಟ್ಟಿತ್ತು. ಅದಕ್ಕೆ ಹಚ್ಚಿಯೇ ಚಿಗವ್ವನ ಹಾಸಿಗೆ.

"ಎಂದಿನಿಂದ ಹಿಂಗೈತಿ ಚಿಗವ್ವಾ?"

"ಎರಡ ಮಳಿಗಾಲ ಆತು ತಮ್ಮಾ. ನೀ ದೂರ ಇರಾಂವ. ಯಾಕ ತ್ರಾಸ ಕೊಡೂದಂತ ಹೇಳಲಿಲ್ಲ."

2009ರ ಸೆಪ್ಟೆಂಬರ್ ಕೊನೆಯ ಮಳೆ ನೆನಪಾಯಿತು. ಆ ಸಲ ಉತ್ತರ ಕರ್ನಾಟಕದಲ್ಲಿ ಸಾವಿರಾರು ಮಣ್ಣಿನ ಮನೆಗಳು ನೆಲಕ್ಕೆ ಕುಸಿದಿದ್ದವು. ಆ ದಿನವೇ ಚಿಗವ್ವನ ಹಾಸಿಗೆಯನ್ನು ಅಡುಗೆಮನೆಗೆ ಸಾಗಿಸಿದೆವು.

ತಪ್ಪು ನನ್ನದೇ ಎಂದು ತಿಳಿದದ್ದು ಆಮೇಲೆ. 1998ರಲ್ಲಿ, ಕೈಯಲ್ಲಿ ನಾಲ್ಕು ಕಾಸು ಕೂಡಿದಾಗ, ನಾನು ನಮ್ಮ ಬದಿಯ ಗೋಡೆಗೆಲ್ಲ ಸಿಮೆಂಟ್ ಗಿಲಾವು ಮಾಡಿಸಿದ್ದೆ. ಅವ್ವ ಬೇಡವೆಂದಿದ್ದಳು. "ಮಣ್ಣಿನ ಗ್ವಾಡಿ ಉಸರಾಡತೈತಿ, ಅದರ ಬಾಯಿ ಮುಚ್ಚಬ್ಯಾಡ," ಎಂದಿದ್ದಳು. ರೋಣದ ತವರಿನ ಹಳೆಯ ಕಾಲದ ಮಾತು ಎಂದು ನಾನು ನಕ್ಕಿದ್ದೆ.

ಆ ರಾತ್ರಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿರುವ ಮಗನಿಗೆ ಫೋನು ಮಾಡಿ ಗೋಡೆ ತೋರಿಸಿದೆ. ಅವನು ಬಾಡಿಗೆಗಿರುವುದೂ ಇಂಥದೇ ಸಾಲುಮನೆಯಲ್ಲಿ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ, ಅಂದರೆ 1837ರಿಂದ 1901ರ ನಡುವೆ, ಗಿರಣಿ ಊರುಗಳಲ್ಲಿ ಕೆಲಸಗಾರರಿಗಾಗಿ ಸಾಲುಸಾಲಾಗಿ ಕಟ್ಟಿದ ಇಟ್ಟಿಗೆ ಮನೆಗಳವು. ಅಲ್ಲೂ ಎರಡು ಮನೆಗೆ ಒಂದೇ ಗೋಡೆ. ಅದೇ ರಾಣಿಯ ಕಾಲದಲ್ಲಿ, 1858ರಲ್ಲಿ, ನಮ್ಮ ಬಾಬಾಸಾಹೇಬರು ನರಗುಂದದಲ್ಲಿ ಬ್ರಿಟಿಷರ ಮೇಲೆ ದಂಗೆ ಎದ್ದದ್ದು.

ಮಗ ಹೇಳಿದ: "ಅಪ್ಪಾ, ಇಲ್ಲೂ ಇದ ಕಥಿ. ಹಳೇ ಇಟ್ಟಂಗಿ ಸುಣ್ಣದ ಗಾರಿಯೊಳಗ ಕಟ್ಟಿದ್ದು. ನಡುವ ಯಾರೋ ಸಿಮೆಂಟ್ ಮೆತ್ಯಾರ. ಒಳಗ ಹೊಕ್ಕ ನೀರು ಹೊರಗ ಹೋಗಾಕ ಆಗದ ಗ್ವಾಡಿ ಹಸಿ ಆಗಿತ್ತು. ಸಿಮೆಂಟ್ ಕೆತ್ತಿ ತಗದು ಮತ್ತ ಸುಣ್ಣ ಹಾಕಿದ ಮ್ಯಾಲ ಒಣಗಿತು."

ಆಗ ಎಲ್ಲ ಹೊಂದಿಕೆಯಾಯಿತು. ಮಾಳಿಗೆಯ ಮೇಲೆ ಬೆಳೆದ ಹುಲ್ಲಿನ ಬೇರು ಸವಳನ್ನು ಸೀಳಿ ಮಳೆ ನೀರಿಗೆ ದಾರಿ ಮಾಡಿತ್ತು. ನೀರು ಗೋಡೆಯ ತಲೆಯಿಂದ ಒಳಗಿಳಿದಿತ್ತು. ನನ್ನ ಬದಿಗೆ ಸಿಮೆಂಟ್. ಆವಿಯಾಗಿ ಹೋಗಲು ಉಳಿದದ್ದು ಚಿಗವ್ವನ ಬದಿ ಮಾತ್ರ. ನನ್ನ ಮನೆ ಒಣಗಿದಂತೆ ಕಾಣುತ್ತಿತ್ತು. ಹಸಿಯೆಲ್ಲ ಅವಳ ಪಾಲಿಗೆ.

ಮರುದಿನ ಬಂದ ಗುತ್ತಿಗೆದಾರರೊಬ್ಬರು, "ಎಲ್ಲಾ ಕೆಡವಿ ಪಿಲ್ಲರ್ ಎಬ್ಬಿಸಿ ಸ್ಲ್ಯಾಬ್ ಹಾಕಿಬಿಡ್ರಿ," ಎಂದರು. ಸುಲಭದ ದಾರಿ. ಆದರೆ ಚಿಗವ್ವನ ತೊಲೆಗಳ ಒಂದು ತುದಿ ಕುಳಿತಿರುವುದು ಇದೇ ಗೋಡೆಯ ಮೇಲೆ. ಅದನ್ನು ಕೆಡವಿದರೆ ಅವಳ ಮನೆಯೂ ನಿಲ್ಲುವುದಿಲ್ಲ. ಇಂಗ್ಲೆಂಡಿನಲ್ಲಿ ಇಂಥ ಗೋಡೆಗೆಂದೇ 1996ರ ಕಾಯ್ದೆಯಿದೆಯಂತೆ. ನೆರೆಯವರಿಗೆ ಮೊದಲೇ ಬರೆದು ತಿಳಿಸದೆ ಅಂಥ ಕೆಲಸಕ್ಕೆ ಕೈಹಚ್ಚುವಂತಿಲ್ಲ. ನಾನು ಚಿಗವ್ವನ ಕಟ್ಟೆಯ ಮೇಲೆ ಕುಳಿತು ಬಾಯಿಮಾತಿನಲ್ಲೇ ಕೇಳಿದೆ.

"ಗ್ವಾಡಿ ನಿಂದೂ ಹೌದು, ನಂದೂ ಹೌದು," ಎಂದಳು. "ಕೆಡವಿದ್ರ ಇಬ್ಬರದೂ. ಉಳಿಸಿದ್ರ ಇಬ್ಬರದೂ."

ಬೇಸಿಗೆಯಲ್ಲಿ ಕೆಲಸ ಹಿಡಿದೆವು. ಗಜೇಂದ್ರಗಡದ ಕಡೆಯ ಒಬ್ಬ ಹಿರಿಯ ಗೌಂಡಿ ಬಂದರು. ಮೊದಲು ತೊಲೆಗಳಿಗೆ ಆಸರೆಯ ಕಂಬ ಕೊಟ್ಟರು. ಸಿಮೆಂಟ್ ಕೆತ್ತಿದಾಗ ಒಳಗಿನ ಮಣ್ಣು ಅಂಬಲಿಯಂತೆ ಉದುರಿತು. ಎರಡು ತಿಂಗಳು ಗೋಡೆಯನ್ನು ಹಾಗೆಯೇ ಒಣಗಲು ಬಿಟ್ಟು, ಹೊಟ್ಟೆ ಬಿಟ್ಟ ಭಾಗವನ್ನು ಬಿಚ್ಚಿ ಮತ್ತೆ ಕಟ್ಟಿದರು. ಹೊಟ್ಟು ಕಲಸಿ ಕೊಳೆಸಿದ ಮಣ್ಣಿನಿಂದ ಗಿಲಾವು ಮಾಡಿದರು. ಹಿಂದಿನ ದನದ ಕೊಟ್ಟಿಗೆ ಉಳಿಯಲಿಲ್ಲ. ಅದರ ತೊಲೆಗಳನ್ನು ಗೆದ್ದಲು ತಿಂದಿತ್ತು, ಕೆಡವಲೇಬೇಕಾಯಿತು.

ಪಡಸಾಲೆಯಲ್ಲಿ ಇನ್ನೊಂದು ಕೆಲಸವಿತ್ತು. ಅಲ್ಲಿ ಕಲ್ಲು ಮುಚ್ಚಿದ ಒಂದು ಹಗೇವು ಇದೆ. ಮಕ್ಕಳೇ, ಹಗೇವು ಎಂದರೆ ನೆಲದೊಳಗಿನ ಕಣಜ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಳಗೆಲ್ಲ ಒಣಹುಲ್ಲು ಹೊದಿಸಿ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಗಾಳಿಯಿಲ್ಲದ್ದರಿಂದ ಹುಳ ಬದುಕುತ್ತಿರಲಿಲ್ಲ. ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಮೊದಲು ದೀಪ ಇಳಿಬಿಡುತ್ತಿದ್ದರು. ಆರಿದರೆ ಒಳಗೆ ಉಸಿರಾಡುವ ಗಾಳಿ ಇಲ್ಲವೆಂದು ಅರ್ಥ. ಜೋಳ ತುಂಬುವುದು ನಿಂತ ಮೇಲೆ ಹಗೇವುಗಳು ಟೊಳ್ಳಾಗಿ ಉಳಿದವು, ಮರೆತೂ ಹೋದವು. ಕೆಲವು ವರ್ಷಗಳ ಹಿಂದೆ ನರಗುಂದದ ಓಣಿಗಳಲ್ಲಿ ನೆಲ ಇದ್ದಕ್ಕಿದ್ದಂತೆ ಕುಸಿದ ಸುದ್ದಿಯನ್ನು ನಿಮ್ಮ ಮನೆಯ ಹಿರಿಯರು ಓದಿರಬಹುದು. ಅಂತರ್ಜಲ ಮೇಲೇರಿದ್ದೂ ನೆಲದಡಿಯ ಇಂಥ ಹಳೆಯ ಹಗೇವುಗಳೂ ಅದಕ್ಕೆ ಕಾರಣವೆಂದು ಹೇಳಿದ್ದರು. ನಾವು ನಮ್ಮದನ್ನು ಗರಸು ಹಾಕಿ, ದಮ್ಮಸು ಮಾಡಿ ತುಂಬಿಸಿದೆವು. ಬಾಯಿಯ ಕಲ್ಲು ಮಾತ್ರ ಅಲ್ಲೇ ಇದೆ.

ಮೇ ತಿಂಗಳ ಕೊನೆಗೆ ಮಾಳಿಗೆಗೆ ಹೊಸ ಸವಳು ಹಾಕಿದೆವು. ಮೊಮ್ಮಗಳು ಸಣ್ಣ ಬುಟ್ಟಿಯಲ್ಲಿ ಮಣ್ಣು ಹೊತ್ತು ಏಣಿ ಹತ್ತಿದಳು. ಹರಡುತ್ತ ಹರಡುತ್ತ ನಮ್ಮ ಗಡಿ ದಾಟಿದ್ದು ಅವಳಿಗೆ ತಿಳಿಯಲಿಲ್ಲ.

ಕೆಳಗಿನಿಂದ ಚಿಗವ್ವ ಕೂಗಿದಳು: "ಯಾರವಾ ಅದು? ಮಣ್ಣ ಉದುರಾಕತ್ತೈತಿ!"

ಜೂನಿನ ಮೊದಲ ದೊಡ್ಡ ಮಳೆಯ ಮರುದಿನ ನಾನು ಫೋನು ಮಾಡಿ ಕೇಳಿದೆ. ಚಿಗವ್ವ ಗೋಡೆ ಮುಟ್ಟಿ ನೋಡಿ ಬಂದು ಹೇಳಿದಳು: "ಒಣಗೈತಿ ತಮ್ಮಾ. ಹಾಸಿಗಿ ಮತ್ತ ಅಲ್ಲೇ ಹಾಕ್ಕೊಂಡೇನಿ."