ಅಪ್ಪನ ಫಿಯೆಟ್ಟು, ಮೂರು ರಾಶಿ

ಷೆಡ್ಡಿನ ನೆಲದ ಮೇಲೆ ಗೋಣಿತಾಟು ಹಾಸಿ ಮೆಕ್ಯಾನಿಕ್ ಮೂರು ರಾಶಿ ಮಾಡಿದ್ದ: ಇರಲಿ, ನೋಡೋಣ, ಬೇಡ. ನಿವೃತ್ತ ಮೇಷ್ಟ್ರು 'ಬೇಡ'ದ ರಾಶಿಯಿಂದ ಒಂದೊಂದನ್ನೇ ಎತ್ತಿ 'ಇರಲಿ'ಗೆ ಸೇರಿಸುತ್ತಿದ್ದರು. ಹಳೆಯ ಶಿಷ್ಯನಾದ್ದರಿಂದ ಅವನು ಸುಮ್ಮನಿದ್ದ.

ಅದು 1978ರಲ್ಲಿ ಮೇಷ್ಟ್ರ ತಂದೆ ಕೊಂಡ ಪ್ರೀಮಿಯರ್ ಪದ್ಮಿನಿ. ಹೆಸರು ಪದ್ಮಿನಿಯಾದರೂ ಮನೆಮಂದಿಗೆಲ್ಲ ಅದು ಫಿಯೆಟ್ಟೇ. ನಾಲ್ಕು ಸಿಲಿಂಡರಿನ, 1089 ಸಿ.ಸಿ.ಯ ಎಂಜಿನ್ನು. ತಂದೆ ಎಣ್ಣೆ ಬದಲಿಸಿದ ದಿನವನ್ನೂ ಓಡಿದ ಕಿಲೋಮೀಟರನ್ನೂ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಅಂಥವರು ಸಾಕಿದ ಎಂಜಿನ್ನಿನಲ್ಲಿ ಎಸೆಯುವಂಥದ್ದು ಏನಿದ್ದೀತು ಎಂಬುದು ಮೇಷ್ಟ್ರ ವಾದ.

ಗ್ಯಾಸ್ಕೆಟ್, ಆಯಿಲ್ ಸೀಲ್, ರಿಂಗು, ಬೇರಿಂಗ್ ಷೆಲ್ಲುಗಳ ವಿಷಯದಲ್ಲಿ ಚರ್ಚೆಯಿಲ್ಲ; ಎಂಜಿನ್ ಬಿಚ್ಚಿದ ಮೇಲೆ ಅವು ಹೊಸದೇ ಆಗಬೇಕು. ಪಿಸ್ಟನ್ನುಗಳು ಮಾತ್ರ ತೊಳೆದ ಮೇಲೆ ಬೆಳ್ಳಿಲೋಟದಂತೆ ಹೊಳೆಯುತ್ತಿದ್ದವು. ಮೆಕ್ಯಾನಿಕ್ ಸಿಲಿಂಡರಿನೊಳಗೆ ಬೋರ್ ಗೇಜ್ ಇಳಿಸಿ ತೋರಿಸಿದ. ಕೆಳಗೆ ಕಾರ್ಖಾನೆಯ 68 ಮಿ.ಮೀ. ಅಳತೆ ಹೆಚ್ಚುಕಡಿಮೆ ಉಳಿದಿತ್ತು. ಮೇಲೆ, ರಿಂಗುಗಳು ಉಜ್ಜಾಡುವ ಕಡೆ, ಸವೆದು ಅಗಲವಾಗಿತ್ತು. ಸರಿಪಡಿಸಲು ಬೋರ್ ಹೊಡೆಸಿದರೆ ಹಳೆಯ ಪಿಸ್ಟನ್ ಸಡಿಲ. "ಹೊಳಪಿಗೂ ಅಳತೆಗೂ ಸಂಬಂಧವಿಲ್ಲ ಸಾರ್" ಎಂದ.

ಕಪ್ಪುಗಟ್ಟಿದ್ದ ಕ್ರ್ಯಾಂಕ್‌ಶಾಫ್ಟ್ ಮೈಕ್ರೋಮೀಟರಿನಲ್ಲಿ ಪಾಸಾಯಿತು. ಕ್ಯಾಮ್‌ಶಾಫ್ಟೂ ಉಳಿಯಿತು. ಅದರ ಎಂಟು ಟ್ಯಾಪೆಟ್ಟುಗಳಿಗೆ ಬಿಚ್ಚುವಾಗಲೇ ನಂಬರು ಹಾಕಿಟ್ಟಿದ್ದ. ವರ್ಷಗಟ್ಟಲೆ ಒಂದೇ ಉಬ್ಬಿನ ಮೇಲೆ ಸವೆದು ಹೊಂದಿಕೊಂಡದ್ದನ್ನು ಇನ್ನೊಂದರ ಮೇಲೆ ಕೂರಿಸಿದರೆ ಎರಡೂ ಹಾಳು.

'ನೋಡೋಣ' ರಾಶಿಯಲ್ಲಿ ನಾಲ್ಕು ಕನೆಕ್ಟಿಂಗ್ ರಾಡು ಉಳಿದವು. ಅವನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಒರೆಸಿ, ಸೀಮೆಸುಣ್ಣದ ಪುಡಿ ಬಳಿದ. ಸೀಮೆಸುಣ್ಣ ಈಗ ಶಿಷ್ಯನ ಕೈಯಲ್ಲಿತ್ತು. ಸ್ವಲ್ಪ ಹೊತ್ತಿಗೆ ಒಂದು ರಾಡಿನಲ್ಲಿ, ಬೋಲ್ಟಿನ ಪಕ್ಕ, ಬಿಳಿ ಪುಡಿಯನ್ನು ನೆನೆಸುತ್ತ ಕೂದಲೆಳೆಯಂಥ ಗೆರೆ ಮೂಡಿತು. ಬಿರುಕು.

"ಇಷ್ಟು ವರ್ಷ ಓಡಿದೆಯಲ್ಲಯ್ಯ" ಎಂದರು ಮೇಷ್ಟ್ರು.

"ಮುರಿಯೋ ಹಿಂದಿನ ದಿನದವರೆಗೂ ಓಡುತ್ತೆ ಸಾರ್. ಮುರಿದರೆ ಬ್ಲಾಕಿನ ಗೋಡೆ ಒಡೆದುಕೊಂಡು ಆಚೆ ಬರುತ್ತೆ."

ಆರ್.ಸಿ. ಪುಸ್ತಕದಲ್ಲಿ ಅಪ್ಪನ ಹೆಸರಿನ ಜೊತೆಗಿದ್ದ ಎಂಜಿನ್ ನಂಬರು ಕೊರೆದಿರುವುದು ಆ ಬ್ಲಾಕಿನ ಮೇಲೆಯೇ. ಮೇಷ್ಟ್ರು ರಾಡನ್ನು ತಾವೇ 'ಬೇಡ'ದ ರಾಶಿಯಲ್ಲಿಟ್ಟರು.

ಬದಲಿ ರಾಡು ಗುಜರಿಗೆ ಬಂದಿದ್ದ ಇನ್ನೊಂದು ಪದ್ಮಿನಿಯಿಂದ ಸಿಕ್ಕಿತು. ಅದಕ್ಕೂ ಸೀಮೆಸುಣ್ಣದ ಪರೀಕ್ಷೆಯಾಯಿತು. ನಾಲ್ಕರ ತೂಕ ಸಮವಿರದಿದ್ದರೆ ಎಂಜಿನ್ನು ನಡುಗುತ್ತದೆಂದು ಕೇಳಿ ಮೇಷ್ಟ್ರೇ ಅವನ್ನು ಅಕ್ಕಸಾಲಿಗನ ತಕ್ಕಡಿಗೆ ಒಯ್ದರು. ಹೊಸಬನಲ್ಲಿ ಹೆಚ್ಚಿದ್ದ ಕೆಲವು ಗ್ರಾಮನ್ನು ಶಿಷ್ಯ ಅರದಿಂದ ಉಜ್ಜಿ ತೆಗೆದ.

ಎಂಜಿನ್ನು ಚಾಲೂ ಆದ ಸಂಜೆ ಮೇಷ್ಟ್ರು ಅಪ್ಪನ ಪುಸ್ತಕ ತೆರೆದರು. ಕೊನೆಯ ಸಾಲಿನ ಕೆಳಗೆ ದಿನಾಂಕ ಹಾಕಿ ಹೊಸದಾಗಿ ಹಾಕಿಸಿದ್ದನ್ನೆಲ್ಲ ಬರೆದರು. ಅದರ ಕೆಳಗೆ 'ಹಳೆಯದು' ಎಂದು ಬರೆದು, ಬ್ಲಾಕು, ಕ್ರ್ಯಾಂಕು, ಕ್ಯಾಮು, ಎಂಟು ಟ್ಯಾಪೆಟ್ಟು, ಮೂರು ರಾಡು ಎಂದು ಸೇರಿಸಿದರು. ನಾಲ್ಕನೆಯ ರಾಡು ಯಾವ ಪಟ್ಟಿಗೆ ಸೇರಬೇಕೆಂದು ತಿಳಿಯದೆ ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತರು. ಆಮೇಲೆ ಮೂರನ್ನು ಹೊಡೆದುಹಾಕಿ ನಾಲ್ಕು ಎಂದು ತಿದ್ದಿದರು.